ಅಮೆರಿಕಾ ಸ್ವತಂತ್ರವಾದಾಗ ಗುಲಾಮರಿಗೆ ಏನಾಯಿತು?

(ವಿದ್ಯಾರ್ಥಿ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಅಮೆರಿಕಾದ ಸ್ವಾತಂತ್ರ್ಯ ಯುದ್ಧದ ಪಾಠವನ್ನು ನಾವೆಲ್ಲ ಓದಿದ್ದೇವೆ. 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಸಮುದ್ರಕ್ಕೆ ಸುರಿದರು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಹೊರಡಿಸಿದರು. ಜಾರ್ಜ್ ವಾಷಿಂಗ್ಟನ್ ಸೈನ್ಯ ನಡೆಸಿದ. 1783ರಲ್ಲಿ ಬ್ರಿಟಿಷರು ಸೋಲೊಪ್ಪಿ ಒಪ್ಪಂದಕ್ಕೆ ಸಹಿ ಹಾಕಿದರು. ಐದು ಮಾರ್ಕಿನ ಪ್ರಶ್ನೆಗೆ ಇಷ್ಟು ಸಾಕು. ಬರೆದಿದ್ದೇವೆ, ಪಾಸಾಗಿದ್ದೇವೆ.

ಆ ಉತ್ತರದಲ್ಲಿ 'ಅಮೆರಿಕನ್ನರು' ಅಂತ ಒಂದೇ ಒಂದು ಪದ ಇದೆ. ಆ ಪದದ ಒಳಗೆ ಯಾರ್ಯಾರಿದ್ದಾರೆ? ಯಾವ ಊರು ಅಂತ ಹೇಳಿದ ಮೇಲೂ ಊರೊಳಗೋ ಕೇರಿಯೋ ಅಂತ ಕೇಳಿಸಿಕೊಂಡು ಬೆಳೆದವರು ನಾವು. ಅಮೆರಿಕನ್ನರು ಸ್ವತಂತ್ರರಾದರು ಅಂದಾಗ ಯಾವ ಅಮೆರಿಕನ್ನರು ಅಂತ ನಾವೂ ಕೇಳದೆ ಬಿಡೋದು ಹೇಗೆ?

ಆ ದೂರದ ದೇಶದ ಕತೆ ನಮಗೆ ತೀರಾ ಹೊರಗಿನದೂ ಅಲ್ಲ. ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಿದ ಅಮೆರಿಕಾದ ಸಜ್ಜನರಿಗೆ. ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ನ್ಯೂಯಾರ್ಕಿಗೆ. 1946ರಲ್ಲಿ ಅವರು ಕರಿಯರ ದೊಡ್ಡ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸಮಸ್ಯೆಯನ್ನು ನಾನು ಓದುತ್ತಲೇ ಬಂದಿದ್ದೇನೆ ಎಂದರು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಫುಲೆಯವರು ಮೆಚ್ಚಿದ ಆ ಬಿಡುಗಡೆ ಕಾನೂನಾಗಿ ಬಂದದ್ದು 1865ರಲ್ಲಿ. ಸ್ವಾತಂತ್ರ್ಯ ಘೋಷಣೆ ಆದದ್ದು 1776ರಲ್ಲಿ. ನಡುವೆ 89 ವರ್ಷ. ಅಂದರೆ ಮೂರು ತಲೆಮಾರು. ಸ್ವತಂತ್ರ ದೇಶದಲ್ಲಿ ಗುಲಾಮರಾಗಿ ಹುಟ್ಟಿ ಗುಲಾಮರಾಗಿ ಸತ್ತವರ ಈ 89 ವರ್ಷ ಪಾಠದಲ್ಲಿ ಎಲ್ಲಿ ಹೋಯಿತು?

ಆಗ ಆ 13 ವಸಾಹತುಗಳಲ್ಲಿ ಇದ್ದವರು ಸುಮಾರು 25 ಲಕ್ಷ ಜನ. ಅದರಲ್ಲಿ ಸುಮಾರು 5 ಲಕ್ಷ ಜನ ಗುಲಾಮರು. ಐವರಲ್ಲಿ ಒಬ್ಬರು. ವರ್ಜೀನಿಯಾದ ಹೊಗೆಸೊಪ್ಪು, ದಕ್ಷಿಣ ಕೆರೊಲಿನಾದ ಭತ್ತ, ನೀಲಿ, ಎಲ್ಲ ಇವರ ಬೆವರು. ದನದ ಹಾಗೆ ಮಾರಬಹುದು, ಸಾಲಕ್ಕೆ ಅಡವಿಡಬಹುದು, ಮಗಳಿಗೆ ಬಳುವಳಿಯಾಗಿ ಕೊಡಬಹುದು. ತಾಯಿ ಯಾರ ಗುಲಾಮಳೋ ಹುಟ್ಟಿದ ಕೂಸು ಅವನದೇ ಆಸ್ತಿ. ಅಪ್ಪ ಒಡೆಯನೇ ಆಗಿದ್ದರೂ ಇದೇ ಕಾನೂನು.

ಈ ಒಡೆಯರು ಬ್ರಿಟಿಷರ ಮೇಲೆ ಸಿಟ್ಟಾದಾಗ ಆಡಿದ ಮಾತು ಏನು ಗೊತ್ತೆ? ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕುತ್ತಾರೆ, ನಮ್ಮನ್ನು ಗುಲಾಮರನ್ನಾಗಿ ಮಾಡಲು ಹೊರಟಿದ್ದಾರೆ! ಗುಲಾಮಗಿರಿ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಬಿಡಿ, ದಿನಾ ಅಂಗಳದಲ್ಲೇ ನೋಡುತ್ತಿದ್ದರಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ ಅನ್ನುವ ಬರಹಗಾರ 1775ರಲ್ಲೇ ಚುಚ್ಚಿದ: ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಎಲ್ಲರಿಗಿಂತ ಜೋರಾಗಿ ಕೂಗುತ್ತಿರುವವರು ನೀಗ್ರೋಗಳನ್ನು ದುಡಿಸುವವರೇ ಆಗಿದ್ದಾರಲ್ಲ, ಇದು ಹೇಗೆ ಅಂತ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಘೋಷಣೆ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಒಟ್ಟು ಸುಮಾರು 600 ಗುಲಾಮರ ಒಡೆಯ. ಅವನ ಕರಡಿನಲ್ಲಿ ಗುಲಾಮರ ವ್ಯಾಪಾರಕ್ಕೆ ಇಂಗ್ಲೆಂಡಿನ ದೊರೆಯೇ ಕಾರಣ ಎಂದು ದೂರುವ ಒಂದು ಭಾಗ ಇತ್ತು. ಸಭೆಯಲ್ಲಿ ಅದನ್ನು ಹೊಡೆದು ಹಾಕಿದರು. ಆದರೆ ಇನ್ನೊಂದು ದೂರು ಹಾಗೇ ಉಳಿಯಿತು: ಈ ದೊರೆ ನಮ್ಮೊಳಗೇ ದಂಗೆ ಎಬ್ಬಿಸುತ್ತಿದ್ದಾನೆ ಅಂತ. ಯಾರ ದಂಗೆ? ಗುಲಾಮರ ದಂಗೆ. ಸ್ವಾತಂತ್ರ್ಯದ ಪತ್ರದಲ್ಲಿ ಗುಲಾಮರು ಬಂದದ್ದು ಹೀಗೆ, ಒಡೆಯರ ಭಯವಾಗಿ.

ಆ ಭಯಕ್ಕೆ ಕಾರಣ ಇತ್ತು. 1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್‌ಮೋರ್, ದಂಗೆಕೋರರಿಗೆ ಹೆದರಿ ಅರಮನೆ ಬಿಟ್ಟು ಹಡಗು ಸೇರಿದ್ದವನು, ಒಂದು ಪ್ರಕಟಣೆ ಹೊರಡಿಸಿದ. ದಂಗೆಕೋರರ ಗುಲಾಮರಾಗಲಿ ಜೀತದಾಳುಗಳಾಗಲಿ, ಆಯುಧ ಹಿಡಿಯಬಲ್ಲವರು ಬಂದು ದೊರೆಯ ಸೈನ್ಯ ಸೇರಿದರೆ ಅವರು ಸ್ವತಂತ್ರರು. ಓದಲು ಬಾರದವರಿಗೆ ಈ ಸುದ್ದಿ ಮುಟ್ಟಿಸಿದವರು ಯಾರೋ! ಕೆಲವೇ ವಾರಗಳಲ್ಲಿ ನೂರಾರು ಜನ ರಾತ್ರೋರಾತ್ರಿ ದೋಣಿ ಕದ್ದು, ಹೊಳೆ ಈಜಿ ಹಡಗು ಮುಟ್ಟಿದರು. ಅವರ ಪಡೆಯವರ ಎದೆಯ ಮೇಲೆ 'ಗುಲಾಮರಿಗೆ ಸ್ವಾತಂತ್ರ್ಯ' ಎಂದು ಬರೆದಿತ್ತು ಅಂತ ಆ ಕಾಲದ ಪತ್ರಿಕೆ ಹೇಳಿತು.

ವಾಷಿಂಗ್ಟನ್ ಆಗ ಸೈನ್ಯದಲ್ಲಿದ್ದ. ಮೌಂಟ್ ವರ್ನನ್ ಎಂಬ ಅವನ ಎಸ್ಟೇಟನ್ನು ನೋಡಿಕೊಳ್ಳುತ್ತಿದ್ದ ಅವನ ನೆಂಟ ಕಾಗದ ಬರೆದ: ತಪ್ಪಿಸಿಕೊಂಡು ಹೋಗಬಹುದು ಅನ್ನೋ ನಂಬಿಕೆ ಬಂದರೆ ನಮ್ಮ ಆಳುಗಳಲ್ಲಿ ಒಬ್ಬನೂ ಉಳಿಯೋದಿಲ್ಲ, ಸ್ವಾತಂತ್ರ್ಯ ಅನ್ನೋದು ಅಷ್ಟು ರುಚಿ ಅಂತ. ಒಡೆಯನ ಮನೆಯ ಮೇಸ್ತ್ರಿಯ ಬಾಯಿಂದಲೇ ಬಂದ ಮಾತು ಇದು.

ಆ ಎಸ್ಟೇಟಿನ ಕುದುರೆ ಲಾಯದಲ್ಲಿ ಹ್ಯಾರಿ ಎಂಬ ಆಳಿದ್ದ. ಇವನ ಕತೆಯನ್ನು ನಾವು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಯಾವ ಪಾಠದಲ್ಲೂ ಇವನಿಲ್ಲ. ಹುಟ್ಟಿದ್ದು ಆಫ್ರಿಕಾದ ಗ್ಯಾಂಬಿಯಾ ನದಿಯ ಕಡೆ. 1763ರಲ್ಲಿ ವಾಷಿಂಗ್ಟನ್ ಇವನನ್ನು ಕೊಂಡ. ಮೊದಲು ಹಾಕಿದ್ದು ಡಿಸ್ಮಲ್ ಜೌಗಿನಲ್ಲಿ, ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು ನೀರು ಬಸಿಯುವ ಕಾಲುವೆ ತೋಡುವ ಕೆಲಸಕ್ಕೆ. 1771ರಲ್ಲಿ ಒಮ್ಮೆ ಓಡಿಹೋದ. ಒಡೆಯ ಖರ್ಚು ಮಾಡಿ ಹುಡುಕಿಸಿ ವಾಪಸ್ಸು ತರಿಸಿದ. 1776ರಲ್ಲಿ, ಘೋಷಣೆ ಹೊರಟ ಆ ಬೇಸಿಗೆಯಲ್ಲೇ, ಹ್ಯಾರಿ ಮತ್ತೆ ಎದ್ದು ಡನ್‌ಮೋರನ ಹಡಗು ಸೇರಿದ. ಒಡೆಯ ಒಂದು ಕಡೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾನೆ, ಅವನ ಆಳು ಇನ್ನೊಂದು ಕಡೆ ಹೋಗಿ ಸ್ವಾತಂತ್ರ್ಯ ಹುಡುಕುತ್ತಿದ್ದಾನೆ. ಇಬ್ಬರ ಬಾಯಲ್ಲೂ ಒಂದೇ ಪದ.

ಈಗ ಯಾರಾದರೂ ಕೇಳಬಹುದು: ಹಾಗಾದರೆ ಹ್ಯಾರಿ ದೇಶದ್ರೋಹಿ ಅಲ್ಲವೆ? ವಿದೇಶಿಯರ ಜೊತೆ ಸೇರಿದನಲ್ಲ? ನಮಗೆ ಈ ಪ್ರಶ್ನೆ ಹೊಸದಲ್ಲ. ಮೊದಲು ದೇಶ ಬಿಡುಗಡೆಯಾಗಲಿ, ನಿಮ್ಮದನ್ನು ಆಮೇಲೆ ನೋಡೋಣ ಅನ್ನೋ ಮಾತೂ ಹೊಸದಲ್ಲ. ನಾವು ತಿರುಗಿ ಕೇಳುತ್ತೇವೆ, ಹ್ಯಾರಿಗೆ ದೇಶ ಯಾವುದು? ಹಡಗಿನ ತಳದಲ್ಲಿ ತುಂಬಿ ತಂದವರ ದೇಶವೆ? ಅವನ ಎದುರಿಗಿದ್ದ ಲೆಕ್ಕ ಬೇರೆ. ಸಂಕೋಲೆ ಬಿಚ್ಚುವವರು ಯಾರು, ಬಿಗಿಯುವವರು ಯಾರು? ಅಷ್ಟೇ.

ಹಾಗಂತ ಬ್ರಿಟಿಷರನ್ನು ದೇವರು ಮಾಡಬೇಡಿ. ಡನ್‌ಮೋರನೇ ಗುಲಾಮರ ಒಡೆಯ. ಅವನು ಬಿಡುಗಡೆಯ ಆಸೆ ತೋರಿಸಿದ್ದು ಶತ್ರುಗಳ ಗುಲಾಮರಿಗೆ ಮಾತ್ರ. ದೊರೆಗೆ ನಿಷ್ಠೆಯಿಂದಿದ್ದ ಬಿಳಿಯರ ಗುಲಾಮರು ಗುಲಾಮರಾಗಿಯೇ ಉಳಿದರು. ಹಡಗುಗಳಲ್ಲಿ, ದ್ವೀಪದ ಶಿಬಿರದಲ್ಲಿ ಸಿಡುಬು ಎದ್ದು ನೂರಾರು ಜನ ಸತ್ತರು. ಉಳಿದವರಿಗೆ ಬಂದೂಕಿಗಿಂತ ಹೆಚ್ಚಾಗಿ ಸಿಕ್ಕಿದ್ದು ಗುದ್ದಲಿ. ಹ್ಯಾರಿ ಸೇರಿದ್ದ ಪಡೆಗೆ 'ಬ್ಲಾಕ್ ಪಯೊನಿಯರ್ಸ್' ಅಂತ ಹೆಸರು. ಕಂದಕ ತೋಡುವುದು, ಸಾಮಾನು ಹೊರುವುದು. 1778ರಲ್ಲಿ ಫಿಲಡೆಲ್ಫಿಯಾ ಊರು ಬ್ರಿಟಿಷರ ಕೈಲಿದ್ದಾಗ ಈ ಪಡೆಯವರಿಗೆ ಬಂದ ಅಪ್ಪಣೆ ಬೀದಿ ಗುಡಿಸಿ, ಹೊಲಸು ಎತ್ತಿ ಅಂತ! ಸ್ವಾತಂತ್ರ್ಯ ಕೊಡುತ್ತೇವೆ ಅಂತ ಕರೆದವರೂ ಕೈಗೆ ಕೊಟ್ಟದ್ದು ಪೊರಕೆಯನ್ನೇ. ಈ ಸಾಲಿನ ಅರ್ಥ ನಮ್ಮ ಕೇರಿಯ ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಡೆಯ ಸೈನ್ಯ ಏನು ಮಾಡಿತು? 1770ರಲ್ಲಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಗುಂಡಿಗೆ ಬಿದ್ದ ಐವರಲ್ಲಿ ಒಬ್ಬ ಕ್ರಿಸ್ಪಸ್ ಅಟಕ್ಸ್, ಕರಿಯರ ಮತ್ತು ಮೂಲನಿವಾಸಿಗಳ ರಕ್ತದವನು. ಮೊದಲು ಪ್ರಾಣ ಕೊಟ್ಟವರಲ್ಲಿ ಒಬ್ಬ. ಆದರೂ 1775ರಲ್ಲಿ ವಾಷಿಂಗ್ಟನ್ ಕರಿಯರನ್ನು ಸೈನ್ಯಕ್ಕೆ ಸೇರಿಸಬೇಡಿ ಎಂದ. ಡನ್‌ಮೋರನ ಪ್ರಕಟಣೆ ಬಂದ ಮೇಲೆ, ವರ್ಷ ಮುಗಿಯುವ ಹೊತ್ತಿಗೆ, ಮೊದಲೇ ಸೇವೆ ಮಾಡಿದ್ದ ಸ್ವತಂತ್ರ ಕರಿಯರು ಬರಬಹುದು ಎಂದ. ಆಳು ಸಾಲದಾದಾಗ 1778ರಲ್ಲಿ ರೋಡ್ ಐಲೆಂಡ್ ಎಂಬ ಸಣ್ಣ ಪ್ರಾಂತ ಗುಲಾಮರನ್ನೂ ಸೇರಿಸಿಕೊಂಡಿತು. ಸೇರಿದವನು ಸ್ವತಂತ್ರ, ಅವನ ಒಡೆಯನಿಗೆ ಸರ್ಕಾರದಿಂದ ಬೆಲೆ. ಒಟ್ಟು ಸುಮಾರು 5,000 ಕರಿಯರು ಅಮೆರಿಕಾದ ಪರ ಹೋರಾಡಿದರು ಎಂಬುದು ಅಂದಾಜು. ದಕ್ಷಿಣದ ಒಡೆಯರು ಮಾತ್ರ ಬಗ್ಗಲಿಲ್ಲ. 1779ರಲ್ಲಿ ಅವರದೇ ಕಾಂಗ್ರೆಸ್ ಸಭೆ 3,000 ಕರಿಯರ ಪಡೆ ಕಟ್ಟಿ ಅಂತ ಸಲಹೆ ಕೊಟ್ಟರೆ, ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಸಾಧ್ಯವಿಲ್ಲ ಅಂದುಬಿಟ್ಟವು. ಬ್ರಿಟಿಷರು ಮನೆ ಬಾಗಿಲಿಗೆ ಬಂದಿದ್ದರೂ ಸರಿ, ಗುಲಾಮನ ಕೈಗೆ ಕೋವಿ ಕೂಡದು.

ಎಲ್ಲಕ್ಕಿಂತ ದೊಡ್ಡದು ವರ್ಜೀನಿಯಾದ್ದು. 1780ರಲ್ಲಿ ಅಲ್ಲಿನ ಶಾಸನಸಭೆ, ಯುದ್ಧ ಮುಗಿಯುವತನಕ ಸೈನ್ಯದಲ್ಲಿರುವವನಿಗೆ ಒಂದು ಇನಾಮು ಗೊತ್ತುಮಾಡಿತು. 300 ಎಕರೆ ಜಮೀನು, ಜೊತೆಗೆ 10ರಿಂದ 30 ವರ್ಷದೊಳಗಿನ ಆರೋಗ್ಯವಂತ ಒಬ್ಬ ಗುಲಾಮ, ಬೇಡವಾದರೆ 60 ಪೌಂಡು ಹಣ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವನಿಗೆ ಬಹುಮಾನ ಒಬ್ಬ ಗುಲಾಮ! ಇದನ್ನು ಬರೆದವರಿಗೆ ಕೈ ನಡುಗಲಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಅದರಲ್ಲಿ ವಿರೋಧವೇ ಕಾಣಲಿಲ್ಲ.

ಉತ್ತರದ ಪ್ರಾಂತಗಳಲ್ಲಿ ಗುಲಾಮರು ಕಡಿಮೆ. ಅಲ್ಲಿ ಇನ್ನೊಂದು ಬಗೆಯ ಹೋರಾಟ ನಡೆಯಿತು. ಮ್ಯಾಸಚೂಸೆಟ್ಸಿನ ಶೆಫೀಲ್ಡ್ ಎಂಬ ಊರಲ್ಲಿ ಜಾನ್ ಆಶ್ಲಿ ಎಂಬ ಶ್ರೀಮಂತನ ಮನೆಯಲ್ಲಿ ಬೆಟ್ ಎಂಬ ಗುಲಾಮ ಹೆಂಗಸಿದ್ದಳು. 1773ರಲ್ಲಿ ಮನುಷ್ಯರೆಲ್ಲ ಸಮಾನರು, ಸ್ವತಂತ್ರರು ಎಂಬ ಠರಾವನ್ನು ಆ ಊರಿನ ದೊಡ್ಡವರು ಕೂತು ಬರೆದದ್ದು ಅದೇ ಮನೆಯಲ್ಲಿ. ಒಳಗೂ ಹೊರಗೂ ಓಡಾಡುವ ಆಳಿಗೆ ಕಿವಿ ಇರುತ್ತದೆ ಅಂತ ದೊಡ್ಡವರಿಗೆ ಯಾವತ್ತೂ ನೆನಪಿರೋದಿಲ್ಲ. ಒಂದು ದಿನ ಮನೆಯೊಡತಿ ಒಲೆಯಲ್ಲಿ ಕಾದ ಸಲಿಕೆ ಎತ್ತಿ ಇನ್ನೊಬ್ಬ ಹುಡುಗಿಗೆ ಬೀಸಿದಳು. ಬೆಟ್ ಅಡ್ಡ ಬಂದು ಆ ಬರೆಯನ್ನು ತನ್ನ ತೋಳಿನ ಮೇಲೆ ತೆಗೆದುಕೊಂಡಳು. ಆ ಗಾಯವನ್ನು ಮುಚ್ಚಲಿಲ್ಲ, ಕೇಳಿದವರಿಗೆಲ್ಲ ತೋರಿಸಿದಳು. ಆಮೇಲೆ ವಕೀಲನ ಮನೆಗೆ ನಡೆದು, ಹೊಸ ಸಂವಿಧಾನ ಎಲ್ಲರೂ ಸ್ವತಂತ್ರರು ಅನ್ನುತ್ತದಂತೆ, ನಾನೂ ಅದರೊಳಗೆ ಬರೋದಿಲ್ಲವೆ ಅಂತ ಕೇಳಿದಳು. 1781ರ ಆಗಸ್ಟಿನಲ್ಲಿ ಕೋರ್ಟಿನ ತೀರ್ಪು ಬಂತು: ಬೆಟ್ ಸ್ವತಂತ್ರಳು, ಒಡೆಯ 30 ಷಿಲಿಂಗ್ ಪರಿಹಾರ ಕೊಡಬೇಕು. ಆಕೆ ಎಲಿಜಬೆತ್ ಫ್ರೀಮನ್ ಎಂದು ಹೊಸ ಹೆಸರು ಇಟ್ಟುಕೊಂಡಳು. ಇಂಥ ಮೊಕದ್ದಮೆಗಳಿಂದಲೇ ಅಲ್ಲಿ ಗುಲಾಮಗಿರಿ ಕುಸಿಯಿತು. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್ ಒಬ್ಬ ಗುಲಾಮನನ್ನೂ ತೋರಿಸಲಿಲ್ಲ. ಓದು ಬಾರದ ಒಬ್ಬ ಹೆಂಗಸು ಸಂವಿಧಾನವನ್ನು ಬರೆದವರಿಗಿಂತ ಸರಿಯಾಗಿ ಓದಿದ್ದಳು.

ಎಲ್ಲ ಕಡೆ ಹೀಗಾಗಲಿಲ್ಲ. ಪೆನ್ಸಿಲ್ವೇನಿಯಾ 1780ರಲ್ಲಿ ಮಾಡಿದ ಕಾನೂನು ಈಗಿರುವ ಗುಲಾಮರನ್ನು ಬಿಡಲಿಲ್ಲ. ಇನ್ನು ಮುಂದೆ ಹುಟ್ಟುವ ಮಕ್ಕಳು 28 ವರ್ಷ ದುಡಿದ ಮೇಲೆ ಸ್ವತಂತ್ರರು ಎಂದಿತು. ಅದರಲ್ಲಿ ಇನ್ನೊಂದು ಅಂಶ: ಹೊರಗಿನವರು ತಂದ ಗುಲಾಮ 6 ತಿಂಗಳು ಅಲ್ಲಿದ್ದರೆ ಸ್ವತಂತ್ರ. ಮುಂದೆ ಅಧ್ಯಕ್ಷನಾಗಿ ಫಿಲಡೆಲ್ಫಿಯಾದಲ್ಲಿ ವಾಸವಿದ್ದ ವಾಷಿಂಗ್ಟನ್ ಏನು ಮಾಡಿದ ಗೊತ್ತೆ? 6 ತಿಂಗಳು ತುಂಬುವ ಮೊದಲೇ ಮನೆಯಾಳುಗಳನ್ನು ಏನೋ ನೆಪದಲ್ಲಿ ಗಡಿ ದಾಟಿಸಿ ವಾಪಸ್ಸು ಕರೆತರುತ್ತಿದ್ದ. 1796ರಲ್ಲಿ ಓನಾ ಜಡ್ಜ್ ಎಂಬ ಹುಡುಗಿ, ಒಡೆಯ ಒಡತಿ ಊಟಕ್ಕೆ ಕೂತಿದ್ದಾಗ, ಮುಂಬಾಗಿಲು ದಾಟಿ ನಡೆದೇ ಹೋದಳು. ಅಧ್ಯಕ್ಷ ಎಷ್ಟು ಪ್ರಯತ್ನಪಟ್ಟರೂ ಸಿಗಲಿಲ್ಲ.

ಬಿಳಿ ಹೆಂಗಸರ ವಿಷಯ. ಪರದೇಶಿ ಬಟ್ಟೆ ಬಿಟ್ಟು ನೂಲು ತೆಗೆದವರು ಅವರು, ಗಂಡಸರು ಯುದ್ಧಕ್ಕೆ ಹೋದಾಗ ಹೊಲಮನೆ ಉಳಿಸಿದವರು ಅವರು. 1776ರ ಮಾರ್ಚಿನಲ್ಲಿ ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್ ಆಡಮ್ಸನಿಗೆ, ನೀವು ಮಾಡುವ ಹೊಸ ಕಾನೂನಿನಲ್ಲಿ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದು ಬರೆದಳು. ಆತ ನಗು ಬರುತ್ತದೆ ಅಂತ ಉತ್ತರ ಬರೆದ. ಅದೇ ಕಾಗದದಲ್ಲಿ, ನಮ್ಮ ಹೋರಾಟದಿಂದ ಎಲ್ಲ ಕಡೆ ಹಿಡಿತ ಸಡಿಲವಾಗಿ ಮಕ್ಕಳು, ಕೆಲಸ ಕಲಿಯುವ ಹುಡುಗರು, ಇಂಡಿಯನ್ನರು, ನೀಗ್ರೋಗಳು ಮಾತು ಕೇಳುತ್ತಿಲ್ಲವಂತೆ, ಈಗ ನೀವೂ ಶುರುಮಾಡಿದಿರಾ ಅಂತ ತಮಾಷೆ ಮಾಡಿದ. ಆಡಮ್ಸ್ ಗುಲಾಮರನ್ನು ಇಟ್ಟುಕೊಂಡವನಲ್ಲ, ಒಳ್ಳೆಯವನೇ. ಆದರೆ ಆ ತಮಾಷೆಯಲ್ಲಿ ಯಾರ್ಯಾರು ಯಾರ ಕಾಲ ಕೆಳಗಿದ್ದರು ಅಂತ ಪಟ್ಟಿಯೇ ಸಿಕ್ಕಿಬಿಟ್ಟಿತು. ನ್ಯೂಜೆರ್ಸಿ ಎಂಬಲ್ಲಿ ಮಾತ್ರ 50 ಪೌಂಡ್ ಆಸ್ತಿ ಇದ್ದ ವಿಧವೆಯರು, ಮದುವೆಯಾಗದ ಹೆಂಗಸರು, ಸ್ವತಂತ್ರ ಕರಿಯರು ಓಟು ಹಾಕಿದರು. 1807ರಲ್ಲಿ ಅದನ್ನೂ ಕಿತ್ತುಕೊಂಡು ಬಿಳಿ ಗಂಡಸರಿಗೆ ಮಾತ್ರ ಎಂದರು. ದೇಶದ ಎಲ್ಲ ಕಡೆ ಹೆಂಗಸರಿಗೆ ಓಟನ್ನು ನಿರಾಕರಿಸಬಾರದೆಂಬ ಕಾನೂನು ಬರಲು 1920 ಆಗಬೇಕಾಯಿತು.

ಇನ್ನು ಆ ನೆಲದ ಮೂಲನಿವಾಸಿಗಳು, ನಮ್ಮ ಪುಸ್ತಕಗಳು ರೆಡ್ ಇಂಡಿಯನ್ನರು ಅಂತ ಕರೆದವರು. ಇವರಿಗೆ ಈ ಯುದ್ಧ ಒಂದೇ ಒಂದು ವಿಷಯದ ಮೇಲೆ, ಭೂಮಿ. 1763ರಲ್ಲಿ ಇಂಗ್ಲೆಂಡಿನ ದೊರೆ ಬೆಟ್ಟಸಾಲಿನ ಆಚೆ ಬಿಳಿಯರು ಹೋಗಿ ನೆಲೆಸಕೂಡದು ಎಂದು ಆಜ್ಞೆ ಮಾಡಿದ್ದ. ಪ್ರೀತಿಯಿಂದಲ್ಲ, ಕಾದಾಟದ ಖರ್ಚು ತಪ್ಪಿಸಲಿಕ್ಕೆ. ಪಶ್ಚಿಮದ ಭೂಮಿಯ ಮೇಲೆ ಕಣ್ಣಿಟ್ಟು ವ್ಯವಹಾರ ಹೂಡಿದ್ದ ವರ್ಜೀನಿಯಾದ ಧಣಿಗಳಿಗೆ ಆ ಆಜ್ಞೆ ಗಂಟಲ ಮುಳ್ಳು. ವಾಷಿಂಗ್ಟನ್ ಅವರಲ್ಲಿ ಒಬ್ಬ. ಚಹಾದ ತೆರಿಗೆಯನ್ನು ನಮಗೆ ಪಾಠ ಮಾಡಿದರು, ಈ ಭೂಮಿಯ ಆಸೆಯನ್ನು ಮಾಡಲಿಲ್ಲ.

ಇರೋಕ್ವಾ ಎಂಬ ಆರು ಬುಡಕಟ್ಟುಗಳ ಒಕ್ಕೂಟ ಈ ಯುದ್ಧದಲ್ಲಿ ಒಡೆದು ಹೋಯಿತು. ಮೊಹಾಕ್, ಸೆನೆಕಾ ಮೊದಲಾದ ನಾಲ್ಕು ಹೆಚ್ಚಾಗಿ ಬ್ರಿಟಿಷರ ಕಡೆ, ಒನೈಡಾ ಮತ್ತು ಟಸ್ಕರೋರಾ ಹೆಚ್ಚಾಗಿ ಅಮೆರಿಕನ್ನರ ಕಡೆ. ಅಣ್ಣತಮ್ಮಂದಿರೇ ಎದುರುಬದುರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸೈನ್ಯ ಇರೋಕ್ವಾ ನಾಡಿಗೆ ನುಗ್ಗಿ 40ಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟಿತು. ಕೊಯ್ಲಿಗೆ ಬಂದ ಜೋಳ ಸುಟ್ಟರು, ಹಣ್ಣಿನ ಮರಗಳನ್ನು ಕಡಿದರು. ಆ ಚಳಿಗಾಲ ಸಾವಿರಾರು ಜನ ನಯಾಗರಾದ ಬ್ರಿಟಿಷ್ ಕೋಟೆಯ ಸುತ್ತ ಹಿಮದಲ್ಲಿ ಬಿದ್ದಿದ್ದರು. ಸೆನೆಕಾ ಜನ ವಾಷಿಂಗ್ಟನ್ನನನ್ನು ತಮ್ಮ ಭಾಷೆಯಲ್ಲಿ 'ಊರು ನಾಶ ಮಾಡುವವನು' ಎಂದು ಕರೆದರು. ಒಬ್ಬನೇ ಮನುಷ್ಯ, ಒಂದು ಜನಕ್ಕೆ ರಾಷ್ಟ್ರಪಿತ, ಇನ್ನೊಂದು ಜನಕ್ಕೆ ಊರು ಸುಟ್ಟವನು. 1782ರ ಮಾರ್ಚಿನಲ್ಲಿ ಓಹಿಯೋದ ಗ್ನಾಡನ್‌ಹುಟ್ಟನ್ ಎಂಬಲ್ಲಿ ಕ್ರೈಸ್ತರಾಗಿ ಮತಾಂತರಗೊಂಡು, ಆಯುಧ ಬಿಟ್ಟು, ಬೇಸಾಯ ಮಾಡಿಕೊಂಡಿದ್ದ 96 ಮೂಲನಿವಾಸಿಗಳನ್ನು, ಮಕ್ಕಳೂ ಸೇರಿ, ಪೆನ್ಸಿಲ್ವೇನಿಯಾದ ಬಿಳಿ ಪಡೆ ಕೊಂದಿತು. ಅವರದೇ ದೇವರನ್ನು ನಂಬಿದ್ದೂ ಉಳಿಸಲಿಲ್ಲ.

ಅಮೆರಿಕನ್ನರ ಪರ ನಿಂತ ಒನೈಡಾಗಳಾದರೂ ಗೆದ್ದರೆ? ಅವರ ಭೂಮಿಯನ್ನು ಉಳಿಸುತ್ತೇವೆ ಎಂಬ ಮಾತು ಒಪ್ಪಂದದಲ್ಲಿ ಬರೆದದ್ದೇನೋ ನಿಜ. ನ್ಯೂಯಾರ್ಕ್ ಪ್ರಾಂತ ಒಂದರ ಮೇಲೊಂದು ಕರಾರು ಮಾಡಿಸಿ ಹೆಚ್ಚುಕಡಿಮೆ ಎಲ್ಲವನ್ನೂ ಬರೆಸಿಕೊಂಡಿತು. 1820ರ ನಂತರ ಅವರಲ್ಲಿ ಬಹಳ ಜನ ದೂರದ ವಿಸ್ಕಾನ್ಸಿನ್ನಿಗೆ ಗುಳೆ ಹೋದರು. ಸೋತವರ ಜೊತೆ ನಿಂತವರಿಗೂ ಗೆದ್ದವರ ಜೊತೆ ನಿಂತವರಿಗೂ ಒಂದೇ ಗತಿ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಈ ಜನರ ಹೆಸರೇ ಇಲ್ಲ, ಅವರ ನೆಲ ಮಾತ್ರ ಕೈ ಬದಲಾಯಿತು.

ಬಿಳಿಯ ಬಡವರೂ ಬಚಾವಾಗಲಿಲ್ಲ. ಸಿಪಾಯಿಗಳಿಗೆ ಸಂಬಳದ ಬದಲು ಕಾಗದದ ಚೀಟಿ ಕೊಟ್ಟರು. ಅದರ ಬೆಲೆ ಬಿದ್ದಾಗ ಹಣವಂತರು ಪುಡಿಗಾಸಿಗೆ ಕೊಂಡುಕೊಂಡರು. ಮ್ಯಾಸಚೂಸೆಟ್ಸಿನ ಹೊಸ ಸರ್ಕಾರ ತೆರಿಗೆ ಏರಿಸಿ, ನಾಣ್ಯದಲ್ಲೇ ಕಟ್ಟಿ ಎಂದಿತು. ಕಟ್ಟಲಾಗದ ರೈತನ ಹೊಲ ಹರಾಜು, ಅವನಿಗೆ ಜೈಲು. 1786ರಲ್ಲಿ ಡೇನಿಯಲ್ ಶೇಸ್ ಎಂಬ ಹಳೇ ಸೈನಿಕನ ಜೊತೆ ರೈತರು ಎದ್ದು ಕೋರ್ಟುಗಳನ್ನು ಮುಚ್ಚಿಸಿದರು. 1787ರ ಜನವರಿಯಲ್ಲಿ ಸರ್ಕಾರದ ಫಿರಂಗಿ ಅವರನ್ನು ಚದುರಿಸಿತು. ಹತ್ತು ವರ್ಷದ ಹಿಂದೆ ದಂಗೆ ಏಳುವುದು ಜನರ ಹಕ್ಕು ಅಂದವರು ಈಗ ಅಧಿಕಾರದಲ್ಲಿದ್ದರು.

ಶೇಸನ ದಂಗೆಯಿಂದ ಬೆದರಿದ ಆಸ್ತಿವಂತರು ಅದೇ ವರ್ಷ ಸಭೆ ಸೇರಿ ಸಂವಿಧಾನ ಬರೆದರು. ಅದರಲ್ಲಿ 'ಗುಲಾಮ' ಎಂಬ ಪದ ಹುಡುಕಿದರೂ ಸಿಗೋದಿಲ್ಲ. ಪದಕ್ಕೆ ನಾಚಿಕೆ, ವ್ಯವಹಾರಕ್ಕಿಲ್ಲ. ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ ಐದು ಜನ ಗುಲಾಮರನ್ನು ಮೂರು ಜನ ಅಂತ ಎಣಿಸಬೇಕು ಎಂದರು. ಓಟು ಆ ಐವರಿಗೂ ಇಲ್ಲ, ಅವರ ತಲೆ ಎಣಿಸಿ ಸಿಕ್ಕ ಹೆಚ್ಚಿನ ಸೀಟು ಅವರ ಒಡೆಯರಿಗೆ. ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸುವಂತಿಲ್ಲ. ಓಡಿಹೋದವನನ್ನು ಹಿಡಿದು ಒಪ್ಪಿಸಬೇಕು. ಮೊದಲ ಐದು ಅಧ್ಯಕ್ಷರಲ್ಲಿ ನಾಲ್ವರು ವರ್ಜೀನಿಯಾದ ಗುಲಾಮರ ಒಡೆಯರಾದದ್ದು ಆಶ್ಚರ್ಯವಲ್ಲ. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಹತ್ತಿರಹತ್ತಿರ 40 ಲಕ್ಷ.

ಹ್ಯಾರಿಯನ್ನು ಯುದ್ಧದ ನಡುವೆ ಬಿಟ್ಟು ಬಂದೆವು. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಜನರಲ್ ಕಾರ್ನ್‌ವಾಲಿಸ್ ಶರಣಾದ. ಮುತ್ತಿಗೆಯಲ್ಲಿ ದವಸ ಕಡಿಮೆಯಾದಾಗ ಅವನ ಸೈನ್ಯ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ನಂಬಿ ಬಂದಿದ್ದ ಕರಿಯರನ್ನು, ಸಿಡುಬು ಎದ್ದವರನ್ನೂ, ಕೋಟೆಯಿಂದ ಹೊರಗೆ ಅಟ್ಟಿದ್ದು. ಕಾಡಿನಲ್ಲಿ ಹೆಣಗಳು ಬಿದ್ದಿದ್ದವು ಎಂದು ಅಮೆರಿಕನ್ ಸಿಪಾಯಿಯೊಬ್ಬ ಬರೆದಿಟ್ಟಿದ್ದಾನೆ. ಬದುಕುಳಿದವರನ್ನು ಹಿಡಿದು ಒಡೆಯರಿಗೆ ಮುಟ್ಟಿಸಿ ಎಂದು ವಾಷಿಂಗ್ಟನ್ ಅಪ್ಪಣೆ ಮಾಡಿದ. ಆ ವರ್ಷದ ಏಪ್ರಿಲಿನಲ್ಲಿ ಅವನ ಎಸ್ಟೇಟಿನಿಂದಲೇ 17 ಜನ ಬ್ರಿಟಿಷ್ ಹಡಗು ಹತ್ತಿದ್ದರು. ಅವರಲ್ಲಿ ಕೆಲವರು ಹೀಗೆ ಮತ್ತೆ ಸಿಕ್ಕಿಬಿದ್ದರು.

1783ರ ಒಪ್ಪಂದದಲ್ಲಿ, ಹೋಗುವಾಗ ನೀಗ್ರೋಗಳನ್ನಾಗಲಿ ಬೇರೆ ಆಸ್ತಿಯನ್ನಾಗಲಿ ಒಯ್ಯಕೂಡದು ಎಂಬ ಮಾತು ಸೇರಿತು. ಬ್ರಿಟಿಷರ ಕೈಲಿ ಉಳಿದಿದ್ದ ನ್ಯೂಯಾರ್ಕಿಗೆ ಒಡೆಯರು ಬಂದು, ಬೀದಿಯಲ್ಲಿ, ಹಾಸಿಗೆಯಲ್ಲಿ ಕಂಡವರನ್ನು ಎಳೆದೊಯ್ಯತೊಡಗಿದರು. ಬಾಸ್ಟನ್ ಕಿಂಗ್ ಎಂಬ ಗುಲಾಮ ಆ ದಿನಗಳಲ್ಲಿ ತಮಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ ಎಂದು ಮುಂದೆ ಬರೆದಿದ್ದಾನೆ. ಮೇ ತಿಂಗಳಲ್ಲಿ ವಾಷಿಂಗ್ಟನ್ ಬ್ರಿಟಿಷ್ ಸೇನಾಪತಿ ಕಾರ್ಲ್‌ಟನ್ನನನ್ನು ಖುದ್ದಾಗಿ ಕಂಡು ಗುಲಾಮರನ್ನು ವಾಪಸ್ಸು ಕೊಡಿ ಎಂದ. ಕಾರ್ಲ್‌ಟನ್ ಒಪ್ಪಲಿಲ್ಲ. ದೊರೆಯ ಹೆಸರಲ್ಲಿ ಕೊಟ್ಟ ಮಾತು ತಪ್ಪಲಾರೆ, ಬೇಕಿದ್ದರೆ ಹೋಗುವವರ ಪಟ್ಟಿ ಬರೆಸುತ್ತೇನೆ, ಪರಿಹಾರದ ಮಾತು ಆಮೇಲೆ ಎಂದ. ಹಾಗೆ ಬರೆದ ದಫ್ತರು ಈಗಲೂ ಉಳಿದಿದೆ. ಸುಮಾರು 3,000 ಜನರ ಹೆಸರು, ವಯಸ್ಸು, ಮೈಕಟ್ಟು, ಯಾರ ಆಸ್ತಿಯಾಗಿದ್ದರು ಎಂಬುದು. ಬಿಡುಗಡೆಯ ಪಟ್ಟಿಯೂ ಅದೇ, ಒಡೆಯರ ಬೆಲೆಪಟ್ಟಿಯೂ ಅದೇ. ಅದರಲ್ಲಿ ಒಂದು ಸಾಲು: ಹ್ಯಾರಿ ವಾಷಿಂಗ್ಟನ್, 43 ವರ್ಷ, ಗಟ್ಟಿ ಆಳು, ಜನರಲ್ ವಾಷಿಂಗ್ಟನ್ನರ ಆಸ್ತಿಯಾಗಿದ್ದವನು, ಬಿಟ್ಟು ಬಂದು 7 ವರ್ಷ.

ಹಡಗು ಅವರನ್ನು ಇಳಿಸಿದ್ದು ಕೆನಡಾ ಕಡೆಯ ನೋವಾ ಸ್ಕೋಷಿಯಾದಲ್ಲಿ. ಕಲ್ಲುನೆಲ, ಮೈ ಕೊರೆಯುವ ಚಳಿ. ಬಿಳಿಯರಿಗೆ ಮೊದಲು ಭೂಮಿ, ಕರಿಯರಿಗೆ ಕೊನೆಗೆ, ಅದೂ ಚೂರುಪಾರು. ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಿತ್ತುಕೊಳ್ಳುತ್ತಾರೆ ಎಂದು 1784ರಲ್ಲಿ ಕೆಲಸವಿಲ್ಲದ ಬಿಳಿ ಸಿಪಾಯಿಗಳು ಅವರ ಗುಡಿಸಲುಗಳನ್ನು ಕಿತ್ತುಹಾಕಿದರು. ಅವರಲ್ಲೊಬ್ಬ, ಪಯೊನಿಯರ್ ಪಡೆಯಲ್ಲಿ ಸಾರ್ಜೆಂಟ್ ಆಗಿದ್ದ ಥಾಮಸ್ ಪೀಟರ್ಸ್, ಲಂಡನ್ನಿನತನಕ ಹೋಗಿ ದೂರು ಕೊಟ್ಟ. ಗುಲಾಮಗಿರಿ ವಿರೋಧಿಗಳ ಒಂದು ಕಂಪನಿ ಆಫ್ರಿಕಾದ ಸಿಯೆರಾ ಲಿಯೋನಿನಲ್ಲಿ ಭೂಮಿ ಕೊಡುತ್ತೇವೆ ಎಂದಿತು. 1792ರ ಜನವರಿಯಲ್ಲಿ 15 ಹಡಗುಗಳಲ್ಲಿ ಸುಮಾರು 1,200 ಜನ ಹೊರಟರು. ಹ್ಯಾರಿ ಮತ್ತು ಅವನ ಹೆಂಡತಿ ಜೆನ್ನಿ ಗರಗಸ, ಗುದ್ದಲಿ, ಬಂದೂಕು ಕಟ್ಟಿಕೊಂಡು ಹತ್ತಿದರು.

ಇಲ್ಲೊಂದು ಮಾತು ನಮ್ಮ ಕಡೆಯದು. ಆ ಹಡಗುಗಳು ಅಟ್ಲಾಂಟಿಕ್ ದಾಟುತ್ತಿದ್ದ ವಾರಗಳಲ್ಲೇ, ಯಾರ್ಕ್‌ಟೌನಿನಲ್ಲಿ ಸೋತ ಅದೇ ಕಾರ್ನ್‌ವಾಲಿಸ್ ಈಗ ಗವರ್ನರ್ ಜನರಲ್ ಆಗಿ ಶ್ರೀರಂಗಪಟ್ಟಣದ ಗೋಡೆಯ ಹೊರಗೆ ಡೇರೆ ಹಾಕಿದ್ದ. 1792ರ ಮಾರ್ಚಿನಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕಿತ್ತುಕೊಂಡ. ಅಮೆರಿಕನ್ನರೂ ಇತ್ತಕಡೆ ಕಣ್ಣಿಟ್ಟಿದ್ದವರೇ. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು, ಬ್ರಿಟಿಷರ ಶತ್ರು ನಮ್ಮ ಗೆಳೆಯ ಅಂತ. ಸಾವಿರಾರು ಮೈಲಿ ಆಚೆಯ ಹೈದರ್ ಕಾಣುತ್ತಿದ್ದ.

ಆಫ್ರಿಕಾದಲ್ಲಿ ಇಳಿದು ಕಟ್ಟಿದ ಊರಿಗೆ ಫ್ರೀಟೌನ್ ಎಂದು ಹೆಸರು, ಸ್ವತಂತ್ರರ ಊರು. ಕೊಟ್ಟ ಮಾತಿನಲ್ಲಿ ಭೂಮಿಗೆ ಬಾಡಿಗೆ ಇರಲಿಲ್ಲ. ಕಂಪನಿ ಆಮೇಲೆ ಎಕರೆಗೆ ಇಷ್ಟು ಅಂತ ಗೇಣಿ ಕೇಳಿತು. ನಾವು ಕಾಡು ಕಡಿದು ಮಾಡಿದ ಹೊಲಕ್ಕೆ ನಮ್ಮನ್ನು ಕೇಳದೆ ಗೇಣಿ ಹಾಕಲು ನೀವು ಯಾರು ಅಂತ ಅವರು ಎದುರು ನಿಂತರು. ನೋಡಿ, ಇದು ವಾಷಿಂಗ್ಟನ್ ಮತ್ತವನ ಗೆಳೆಯರು ಆಡಿದ ಮಾತೇ. 1800ರ ಸೆಪ್ಟೆಂಬರಿನಲ್ಲಿ ಅವರು ತಮ್ಮದೇ ಕಾನೂನು ಬರೆದು ಊರಲ್ಲಿ ಅಂಟಿಸಿದರು. ಹ್ಯಾರಿಗೆ ಆಗ 60ರ ವಯಸ್ಸು. ಅವನೂ ಆ ಗುಂಪಿನಲ್ಲಿದ್ದ.

ಅವನ ಹಳೆಯ ಒಡೆಯ ಹಿಂದಿನ ವರ್ಷ, 1799ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಆಗ ಆ ಎಸ್ಟೇಟಿನಲ್ಲಿದ್ದ ಗುಲಾಮರು 317. ಅದರಲ್ಲಿ ಸ್ವಂತದ 123 ಜನರನ್ನು ಹೆಂಡತಿಯ ಕಾಲಾನಂತರ ಬಿಡಬೇಕೆಂದು ಉಯಿಲು ಬರೆದಿದ್ದ. ಆಕೆ 1801ರ ಜನವರಿಯಲ್ಲೇ ಅವರನ್ನು ಬಿಟ್ಟಳು. ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದ್ದವರು ಬಿಡುಗಡೆಯಾಗದೆ ಮೊಮ್ಮಕ್ಕಳಿಗೆ ಪಾಲಾದರು. ಈ ಉಯಿಲನ್ನು ದೊಡ್ಡ ಗುಣ ಅಂತ ಬರೆಯುವವರಿದ್ದಾರೆ, ಬರೆಯಲಿ. 23 ವರ್ಷ ಮೊದಲೇ ಉಯಿಲಿಗೆ ಕಾಯದೆ ಹೋದವನ ಬಗ್ಗೆಯೂ ಒಂದು ಸಾಲು ಬರೆಯಲಿ.

ಫ್ರೀಟೌನಿನ ದಂಗೆಯನ್ನು ಅಡಗಿಸಲು ಕಂಪನಿಗೆ ಸರಿಯಾದ ಹೊತ್ತಿಗೆ ಒಂದು ಹಡಗು ಬಂತು. ಅದರಲ್ಲಿ ಸಿಪಾಯಿಗಳ ಜೊತೆ ಬಂದವರು ಜಮೈಕಾ ದ್ವೀಪದ ಮರೂನರು. ಇವರೂ ಕರಿಯರೇ, ಗುಲಾಮಗಿರಿಯಿಂದ ಓಡಿ ಬೆಟ್ಟ ಸೇರಿ, ಬ್ರಿಟಿಷರ ಜೊತೆ ತಲೆಮಾರುಗಟ್ಟಲೆ ಕಾದಾಡಿದವರ ಮಕ್ಕಳು. 1796ರಲ್ಲಿ ಜಮೈಕಾದಿಂದ ಗಡೀಪಾರಾಗಿ, ಅದೇ ನೋವಾ ಸ್ಕೋಷಿಯಾದ ಚಳಿ ತಿಂದು ಈಗ ಆಫ್ರಿಕಾಕ್ಕೆ ಬಂದಿದ್ದರು. ಅವರಿಗೂ ಭೂಮಿ ಬೇಕಿತ್ತು. ಅವರ ಕೈಗೇ ಬಂದೂಕು ಕೊಟ್ಟು ಹ್ಯಾರಿಯ ಜನರ ಮೇಲೆ ಬಿಟ್ಟರು. ಇಬ್ಬರನ್ನು ನೇಣು ಹಾಕಿದರು. ಹ್ಯಾರಿಯನ್ನೂ ಅವನಂಥ ಹಲವರನ್ನೂ ಹೊಳೆಯಾಚೆಯ ಬುಲಮ್ ದಡಕ್ಕೆ ಗಡೀಪಾರು ಮಾಡಿದರು. ಕರಿಯರಿಂದ ಕರಿಯರನ್ನು ಹೊಡೆಸಿದ ಈ ಭಾಗದ ಮೇಲೆ ನೀವು ಬಹಳ ಹೊತ್ತು ಚರ್ಚೆ ಮಾಡಬೇಕು ಅಂತ ನಮ್ಮ ಆಸೆ.

ನಮ್ಮ ಮಾತು ಇಲ್ಲಿಗೆ ಸಾಕು. ಪ್ರಶ್ನೆಗೆ ಅರ್ಧ ಗಂಟೆ ಉಳಿದಿದೆ. ಹಿಂದೆ ಗೋಡೆಗೆ ಒರಗಿ ಕೂತವರು ಮೊದಲು ಕೇಳಲಿ.